ತಾಮ್ರದ ತಗಡಿನ ಚಿತ್ರಕಾರ

ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ ಗಂಗ ಅರಸನ ಹೆಸರಿನ ತಾಮ್ರಶಾಸನವೊಂದು ದೊರೆತಿದೆ. ಗಂಗರ ರಾಜಧಾನಿಯಾಗಿದ್ದ ತಲಕಾಡು ಟಿ. ನರಸೀಪುರ ತಾಲ್ಲೂಕಿನಲ್ಲಿದೆ. ಅಂತಹ ಶಾಸನದ ಅಕ್ಷರಗಳನ್ನು ತಗಡಿನ ಮೇಲೆಯೇ ಓದಬಹುದು. ಆದರೆ ತಾಮ್ರದಿಂದ ಕಾಗದಕ್ಕೆ ಚಿತ್ರವನ್ನು ಇಳಿಸಬೇಕಾದರೆ ಎಲ್ಲವನ್ನೂ ಎಡಬಲ ತಿರುವಿ ಬರೆಯಬೇಕು. ಈ ಕಷ್ಟದ ವಿದ್ಯೆಯನ್ನು ನಮ್ಮ ದೇಶದಲ್ಲಿ ದುಡಿಯುತ್ತಲೇ ಪಳಗಿಸಿಕೊಂಡವನು ಥಾಮಸ್ ಡ್ಯಾನಿಯಲ್.

ಇಂಗ್ಲೆಂಡಿನಲ್ಲಿ 1749ರಲ್ಲಿ ಜನಿಸಿದ ಡ್ಯಾನಿಯಲ್ಲನ ತಂದೆ ದಾರಿಹೋಕರ ವಸತಿಗೃಹವೊಂದನ್ನು ನಡೆಸುತ್ತಿದ್ದನು. ಹುಡುಗನು ಮೊದಲು ಕಲಿತದ್ದು ಸಾರೋಟುಗಳಿಗೆ ಬಣ್ಣ ಹಚ್ಚುವ ಕೆಲಸ. ಮುಂದೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಓದಿದನು. 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆ ಪಡೆದು, ಸಹೋದರನ ಮಗನಾದ ಹದಿಹರೆಯದ ವಿಲಿಯಮ್ಮನೊಡನೆ ಹಡಗು ಹತ್ತಿ, ಮರುವರ್ಷ ಕಲ್ಕತ್ತೆಯನ್ನು ಸೇರಿದನು.

ಆ ನಗರದ ಹನ್ನೆರಡು ದೃಶ್ಯಗಳನ್ನು ಅಚ್ಚು ಹಾಕಲು ಹೊರಟಾಗಲೇ ಕೆಲಸದ ಕಷ್ಟ ಅವನಿಗೆ ತಿಳಿದದ್ದು. ನುಣುಪಾದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಮುಳುಗಿಸಬೇಕು. ಲೇಪ ಹರಿದೆಡೆಯಲ್ಲಿ ಮಾತ್ರ ಆಮ್ಲವು ತಾಮ್ರವನ್ನು ತಿನ್ನುತ್ತದೆ. ಆ ಗೀರುಗಳಲ್ಲಿ ಮಸಿ ತುಂಬಿ, ಮೇಲಿನ ಮಸಿಯನ್ನು ಒರಸಿ, ಒದ್ದೆ ಕಾಗದವಿಟ್ಟು ಉರುಳೆಗಳ ನಡುವೆ ಒತ್ತಬೇಕು. ಆಕಾಶದ ಮಬ್ಬು, ಗೋಡೆಯ ನೆರಳು ಬೇಕಾದರೆ ತಗಡಿನ ಮೇಲೆ ರಾಳದ ಹುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸಬೇಕು. ಕಣಗಳ ಸಂದಿನಲ್ಲಿ ಆಮ್ಲ ಕೊರೆಯುತ್ತದೆ. ಹೊತ್ತು ಮೀರಿದರೆ ನೆರಳು ಕಪ್ಪಾಗಿಬಿಡುತ್ತದೆ. ಅದನ್ನು ತಿದ್ದುವುದು ಸುಲಭವಲ್ಲ. ಚಿತ್ರಕಾರ, ಕೆತ್ತನೆಗಾರ, ಕಂಚುಗಾರ, ಅಚ್ಚಿನಾಳು ಎಲ್ಲವೂ ಅವನೇ ಆಗಬೇಕಾಯಿತು. ಬಣ್ಣ ತುಂಬಲು ಇಲ್ಲಿನ ಚಿತ್ರಗಾರರು ನೆರವಾದರು. 1788ರಲ್ಲಿ ಹನ್ನೆರಡೂ ಮುಗಿದವು. ಸ್ವದೇಶದವರ ಕಣ್ಣಿಗೆ ಇವು ಕಳಪೆಯಾಗಿ ಕಂಡಾವೆಂಬ ಅಳುಕನ್ನು ಅವನೇ ಗೆಳೆಯನೊಬ್ಬನಿಗೆ ಬರೆದು ತಿಳಿಸಿದನು. ಅಷ್ಟು ಸಂಕೋಚ ಬೇಕಿರಲಿಲ್ಲವೆಂದು ನನಗೆ ತೋರುತ್ತದೆ.

ಬಳಿಕ ಇಬ್ಬರೂ ಉತ್ತರ ಭಾರತವನ್ನು ಸುತ್ತಿದರು. 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾದ ಸ್ವಲ್ಪ ಕಾಲದಲ್ಲಿಯೇ, ಮದರಾಸಿನಿಂದ ಹೊರಟು ರಾಯಕೋಟೆ, ಹೊಸೂರುಗಳ ಕಡೆಗೆ ಬಂದು ಬೆಟ್ಟದ ಕೋಟೆಗಳನ್ನು ಬರೆದುಕೊಂಡರು.

1794ರಲ್ಲಿ ಊರಿಗೆ ಮರಳಿದ ಮೇಲೂ ಕಲಿಕೆ ಮುಗಿಯಲಿಲ್ಲ. ರಾಳದ ಹುಡಿಯ ವಿಧಾನವನ್ನು ಕೈವಶ ಮಾಡಿಕೊಳ್ಳಲು ವಿಲಿಯಮ್ ಏಳು ವರ್ಷ, ಬೆಳಗಿನ ಆರರಿಂದ ನಡುರಾತ್ರಿಯವರೆಗೆ ದುಡಿದನು. 1795ರಿಂದ 1808ರವರೆಗೆ 144 ಚಿತ್ರಗಳ 'ಓರಿಯಂಟಲ್ ಸೀನರಿ' ಹೊರಬಂದಿತು. ಹೊಸೂರಿನ ದೃಶ್ಯವೂ ಅದರಲ್ಲಿದೆ. ಅವಿವಾಹಿತನಾಗಿಯೇ ಉಳಿದ ಡ್ಯಾನಿಯಲ್ 1840ರಲ್ಲಿ ತೀರಿಕೊಂಡನು. ವಿಲಿಯಮ್ ಅವನಿಗಿಂತ ಮೂರು ವರ್ಷ ಮೊದಲೇ ಗತಿಸಿದ್ದನು.