ಕಣ್ಣಿನ ಆಳವನ್ನು ಓದಿದ ವೈದ್ಯ: ಆಲ್ಬ್ರೆಕ್ಟ್ ಫಾನ್ ಗ್ರೇಫೆ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದವರೆಗೆ ಕಣ್ಣಿನ ಒಳಭಾಗವು ವೈದ್ಯರ ಪಾಲಿಗೆ ಕತ್ತಲೆಯ ಕೋಣೆಯಾಗಿತ್ತು. ಮೋತಿಬಿಂದು ಬಲಿತ ಕಣ್ಣು ಹೊರಗಿನಿಂದಲೇ ತನ್ನ ರೋಗವನ್ನು ತೋರಿಸಿಕೊಡುತ್ತಿತ್ತು. ಆದರೆ ಹೊರನೋಟಕ್ಕೆ ನಿರ್ಮಲವಾಗಿದ್ದೂ ದೃಷ್ಟಿ ಕಳೆದುಕೊಂಡ ಕಣ್ಣಿನ ಮುಂದೆ ಶಾಸ್ತ್ರವು ಮೌನ ತಾಳುತ್ತಿತ್ತು. ಅಂಥ ಅಂಧತ್ವಕ್ಕೆ ಅಮರೋಸಿಸ್ ಎಂಬ ಗ್ರೀಕ್ ಹೆಸರಿತ್ತೇ ಹೊರತು ಅದರ ಕಾರಣ ತಿಳಿದಿರಲಿಲ್ಲ. ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು ಎಂಬುದೇ ಅದರ ಲಕ್ಷಣವೆಂದು ವೈದ್ಯರೇ ಪರಿಹಾಸ ಮಾಡುತ್ತಿದ್ದರು. ಆ ಕತ್ತಲೆಯೊಳಗೆ ಕಂಡದ್ದನ್ನು ಅರ್ಥೈಸಲು ಜಗತ್ತಿಗೆ ಕಲಿಸಿದವರಲ್ಲಿ ಅಗ್ರಗಣ್ಯರು ಬರ್ಲಿನ್ನಿನ ನೇತ್ರತಜ್ಞ ಆಲ್ಬ್ರೆಕ್ಟ್ ಫಾನ್ ಗ್ರೇಫೆ.

ಗ್ರೇಫೆ ಜನಿಸಿದ್ದು 1828ರ ಮೇ 22ರಂದು. ತಂದೆ ಕಾರ್ಲ್ ಫರ್ಡಿನಾಂಡ್ ಹೆಸರಾಂತ ಶಸ್ತ್ರವೈದ್ಯರು. ಮಗನಿಗೆ ಹನ್ನೆರಡು ವರ್ಷವಾಗಿದ್ದಾಗ ಅವರು ತೀರಿಕೊಂಡರು. ಹತ್ತೊಂಬತ್ತರ ಹರೆಯದಲ್ಲೇ ವೈದ್ಯಪದವಿ ಪಡೆದ ಆಲ್ಬ್ರೆಕ್ಟ್ ಪ್ರಾಗ್, ಪ್ಯಾರಿಸ್, ವಿಯೆನ್ನಾ, ಲಂಡನ್ ನಗರಗಳಲ್ಲಿ ಅಂದಿನ ಶ್ರೇಷ್ಠ ಗುರುಗಳ ಬಳಿ ನೇತ್ರವಿದ್ಯೆಯನ್ನು ಅಭ್ಯಾಸ ಮಾಡಿದರು. ಬರ್ಲಿನ್ನಿಗೆ ಮರಳಿ ಸ್ವಂತ ಚಿಕಿತ್ಸಾಲಯವನ್ನು ತೆರೆದಾಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಬಡವರಿಗೆ ಅಲ್ಲಿ ಉಚಿತ ಚಿಕಿತ್ಸೆ ದೊರೆಯುತ್ತಿತ್ತು.

ಇದೇ ಹೊತ್ತಿಗೆ ಕೋನಿಗ್ಸ್‌ಬರ್ಗಿನಲ್ಲಿ ಶರೀರವಿಜ್ಞಾನ ಬೋಧಿಸುತ್ತಿದ್ದ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಒಂದು ಸರಳ ಉಪಕರಣವನ್ನು ರೂಪಿಸಿದ್ದರು. ಕಣ್ಣಿನೊಳಕ್ಕೆ ಬೆಳಕನ್ನು ಕಳುಹಿಸಿ, ಅಲ್ಲಿಂದ ಅದೇ ದಾರಿಯಲ್ಲಿ ಮರಳುವ ಬೆಳಕನ್ನು ನೋಡುವವನ ಕಣ್ಣಿಗೆ ತಲುಪಿಸುವ ಈ ನೇತ್ರದರ್ಶಕದ ವಿವರಣೆ 1851ರಲ್ಲಿ ಪ್ರಕಟವಾಯಿತು. ಜೀವಂತ ಮನುಷ್ಯನ ರೆಟಿನಾ, ಅದರ ರಕ್ತನಾಳಗಳು, ದೃಷ್ಟಿನರವು ಕಣ್ಣುಗುಡ್ಡೆಯನ್ನು ಬಿಟ್ಟು ಮಿದುಳಿನತ್ತ ಹೊರಡುವ ದುಂಡನೆಯ ಬಿಲ್ಲೆ, ಇವೆಲ್ಲ ಮೊದಲ ಬಾರಿಗೆ ಸ್ಪಷ್ಟವಾಗಿ ಗೋಚರಿಸಿದವು. ಹೆಲ್ಮ್‌ಹೋಲ್ಟ್ಸ್ ಬಾಗಿಲು ತೆರೆದರು. ಒಳಹೊಕ್ಕು ಪ್ರತಿಯೊಂದು ಗುರುತಿನ ಅರ್ಥವನ್ನು ಹುಡುಕುವ ಹೊಣೆಯನ್ನು ಗ್ರೇಫೆ ಹೊತ್ತರು.

ಆದರೆ ಕಾಣುವುದು ಬೇರೆ, ತಿಳಿಯುವುದು ಬೇರೆ. ಮರಾಠಿಯಲ್ಲಿ ಕಾಚಬಿಂದು ಎಂದು ಕರೆಯುವ ಗ್ಲಾಕೋಮಾ ರೋಗಿಗಳ ದೃಷ್ಟಿನರದ ಬಿಲ್ಲೆಯನ್ನು ಪರೀಕ್ಷಿಸಿದ ಗ್ರೇಫೆಯವರಿಗೆ ಅದು ಮುಂದಕ್ಕೆ ಉಬ್ಬಿದಂತೆ ತೋರಿತು. ವಿಯೆನ್ನಾದ ಎಡ್ವರ್ಡ್ ಯೇಗರ್ ಅವರಿಗೂ ಹಾಗೆಯೇ ಕಂಡಿತ್ತು. ಒಂದೇ ಕಣ್ಣಿನಿಂದ ನೋಡುವಾಗ ಉಬ್ಬು ತಗ್ಗಾಗಿಯೂ ತಗ್ಗು ಉಬ್ಬಾಗಿಯೂ ತೋರುವ ಭ್ರಮೆ ಅದು. 1854ರಲ್ಲಿ ಈ ತಪ್ಪು ಅಚ್ಚಿನಲ್ಲೂ ಬಂದಿತು. ಅದು ಉಬ್ಬಲ್ಲ, ಬಟ್ಟಲಿನಂಥ ತಗ್ಗು ಎಂದು ಆಡಾಲ್ಫ್ ವೆಬರ್ ಗುರುತಿಸಿದಾಗ ಗ್ರೇಫೆ ಹಟ ಹಿಡಿಯಲಿಲ್ಲ. ರಕ್ತನಾಳಗಳು ಬಿಲ್ಲೆಯ ಅಂಚಿನಲ್ಲಿ ಥಟ್ಟನೆ ಬಾಗಿ ಕೆಳಗಿಳಿಯುವುದನ್ನು ಹೊಸದಾಗಿ ಪರಿಶೀಲಿಸಿ, ತಮ್ಮ ತಪ್ಪನ್ನು ತಾವೇ ಬಹಿರಂಗವಾಗಿ ತಿದ್ದಿಕೊಂಡರು. ಮುಂದೆ ಹೈನ್ರಿಕ್ ಮ್ಯೂಲರ್ ಮೃತರ ಕಣ್ಣುಗಳನ್ನು ಸೀಳಿ ನೋಡಿ ಆ ತಗ್ಗನ್ನು ದೃಢಪಡಿಸಿದರು.

ಈ ತಿದ್ದುಪಡಿಯಿಂದ ರೋಗದ ಸ್ವರೂಪವೇ ಬದಲಾಯಿತು. ಗ್ಲಾಕೋಮಾ ಕಣ್ಣುಗಳ ಬಿಲ್ಲೆಯ ಮೇಲೆ ರಕ್ತನಾಳಗಳು ಮಿಡಿಯುವುದನ್ನು ಗ್ರೇಫೆ ಮೊದಲೇ ಗಮನಿಸಿದ್ದರು. ಮಿಡಿತ, ತಗ್ಗು, ಬೆರಳಿಗೆ ಸಿಗುವ ಗಡಸುತನ, ಮೂರನ್ನೂ ಕೂಡಿಸಿ ನೋಡಿದಾಗ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರವನ್ನು ಹಿಂದಕ್ಕೆ ತಳ್ಳುತ್ತಿದೆಯೆಂಬ ಚಿತ್ರ ಮೂಡಿತು. ಪಾಪೆಯ ಸುತ್ತಲಿನ ಬಣ್ಣದ ಪರದೆಯ ಒಂದು ತುಣುಕನ್ನು ಕತ್ತರಿಸಿ ತೆಗೆದರೆ ಈ ಒತ್ತಡ ಇಳಿಯುವುದೆಂದು ಅವರು ಕಂಡುಕೊಂಡು 1857ರಲ್ಲಿ ಪ್ರಕಟಿಸಿದರು. ಹಠಾತ್ತನೆ ಎರಗುವ ಗ್ಲಾಕೋಮಾದಿಂದ ಕುರುಡಾಗುವುದೇ ವಿಧಿಯೆಂದಿದ್ದ ಕಾಲದಲ್ಲಿ ಅಸಂಖ್ಯ ಕಣ್ಣುಗಳು ಇದರಿಂದ ಉಳಿದವು. ಒತ್ತಡದ ಹೊರಚಿಹ್ನೆಗಳಿಲ್ಲದೆ ತಗ್ಗು ಮಾತ್ರ ಕಾಣುವ ಕಣ್ಣುಗಳನ್ನು ಮೊದಲು ಅವರು ಬೇರೆ ರೋಗವೆಂದೇ ಎಣಿಸಿದ್ದರು. ಅದೂ ಗ್ಲಾಕೋಮಾದ ಒಂದು ಬಗೆಯೆಂದು ಡಚ್ ಮಿತ್ರ ಡೊಂಡರ್ಸ್ ತೋರಿಸಿಕೊಟ್ಟಾಗ ಆ ನಿಲುವನ್ನೂ ಬದಲಿಸಿಕೊಂಡರು.

ದೃಷ್ಟಿನರದ ಹಾನಿಯನ್ನು ಅಳೆಯಲು ಬಿಲ್ಲೆಯ ನೋಟವೊಂದೇ ಸಾಲದೆಂದು ಅರಿತು, ರೋಗಿಗೆ ಸುತ್ತಲಿನ ಎಷ್ಟು ಭಾಗ ಕಾಣುತ್ತದೆಂಬ ದೃಷ್ಟಿಕ್ಷೇತ್ರದ ಪರೀಕ್ಷೆಯನ್ನು ಗ್ರೇಫೆ ನಿತ್ಯದ ಚಿಕಿತ್ಸೆಗೆ ತಂದರು. ರೆಟಿನಾದ ಮುಖ್ಯ ಅಪಧಮನಿ ಮುಚ್ಚಿಹೋದಾಗ ಕಣ್ಣಿನ ತಳ ಹೇಗೆ ಕಾಣುತ್ತದೆಂಬುದನ್ನು 1859ರಲ್ಲಿ ವಿವರಿಸಿದರು. ಮರುವರ್ಷ, ಮಿದುಳಿನ ಗಡ್ಡೆಯುಳ್ಳವರಲ್ಲಿ ದೃಷ್ಟಿನರದ ಬಿಲ್ಲೆ ನಿಜವಾಗಿಯೂ ಊದಿಕೊಳ್ಳುವುದನ್ನು ವರ್ಣಿಸಿದರು. ಹೀಗೆ ಕಣ್ಣು ಮಿದುಳಿನ ರೋಗಕ್ಕೂ ಕಿಟಕಿಯಾಯಿತು. ಅವರು 1854ರಲ್ಲಿ ಆರಂಭಿಸಿದ ನೇತ್ರಶಾಸ್ತ್ರದ ಪತ್ರಿಕೆ ಅವರ ಹೆಸರನ್ನು ಹೊತ್ತು ಇಂದಿಗೂ ನಡೆಯುತ್ತಿದೆ.

ನಾನಾ ದೇಶಗಳ ಶಿಷ್ಯರು ಬರ್ಲಿನ್ನಿಗೆ ಬಂದರು. ಅವರಲ್ಲೊಬ್ಬರಾದ ಥಿಯೋಡೋರ್ ಲೇಬರ್ ಮುಂದೆ ದೃಷ್ಟಿನರದ ಆನುವಂಶಿಕ ರೋಗವೊಂದನ್ನು ವರ್ಣಿಸಿ ಗುರುವಿನ ದಾರಿಯನ್ನು ವಿಸ್ತರಿಸಿದರು. ಆದರೆ ಗುರುವಿನ ಆಯುಷ್ಯ ಕಿರಿದಾಗಿತ್ತು. ಹಲವು ವರ್ಷ ಕ್ಷಯದೊಂದಿಗೆ ಹೆಣಗುತ್ತಲೇ ದುಡಿದ ಗ್ರೇಫೆ, ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಘೋಷಣೆಯಾದ ಮರುದಿನ, 1870ರ ಜುಲೈ 20ರಂದು, ನಲವತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. 1882ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಬಳಿ ಅವರ ಸ್ಮಾರಕವನ್ನು ಸ್ಥಾಪಿಸಲಾಯಿತು.

ಇಂದು ಕಣ್ಣಿನ ತಳದ ಛಾಯಾಚಿತ್ರವನ್ನು ಕ್ಷಣಮಾತ್ರದಲ್ಲಿ ತೆಗೆಯಬಹುದು. 1991ರಲ್ಲಿ ಬೆಳಕಿಗೆ ಬಂದ ಓಸಿಟಿ ಎಂಬ ವಿಧಾನವು ನರತಂತುಗಳ ಪದರದ ದಪ್ಪವನ್ನು ಮೈಕ್ರೊಮೀಟರುಗಳಲ್ಲಿ ಅಳೆದು ಕೊಡುತ್ತದೆ. ಗ್ಲಾಕೋಮಾದಲ್ಲಿ ಸತ್ತ ನರತಂತು ಮತ್ತೆ ಚಿಗುರುವುದಿಲ್ಲ; ಆದ್ದರಿಂದ ರೋಗಿಗೆ ಅರಿವಾಗುವ ಮುನ್ನವೇ ಹಾನಿಯನ್ನು ಗುರುತಿಸುವುದು ಅಗತ್ಯ. ಆದರೂ ಯಂತ್ರ ಕೊಡುವುದು ಚಿತ್ರವನ್ನು ಮಾತ್ರ. ಆ ಬಟ್ಟಲು ಎಷ್ಟು ಅಗಲವಾಗಿದೆ, ಅಂಚು ಎಲ್ಲಿ ಸವೆದಿದೆ, ದೃಷ್ಟಿಕ್ಷೇತ್ರದ ನಷ್ಟಕ್ಕೆ ಅದು ಹೊಂದುತ್ತದೆಯೇ ಎಂದು ತೂಗಿ ನೋಡುವವನು ಇಂದಿಗೂ ವೈದ್ಯನೇ. ಕಂಡದ್ದನ್ನು ಎಚ್ಚರದಿಂದ ಓದುವ, ತಪ್ಪಾಗಿ ಓದಿದ್ದರೆ ಮರಳಿ ಓದುವ ಆ ಶಿಸ್ತು ಗ್ರೇಫೆ ಬಿಟ್ಟುಹೋದ ಆಸ್ತಿ.