ವೇಗಕ್ಕೆ ಕಡಿವಾಣ ತೊಡಿಸಿದ ಅಂಧ ಯಂತ್ರಶಿಲ್ಪಿ

ಮೋಟಾರು ಗಾಡಿಯ ವೇಗವನ್ನು ಚಾಲಕನ ಪಾದದಿಂದ ಬಿಡಿಸಿ ಯಂತ್ರದ ವಶಕ್ಕೆ ಒಪ್ಪಿಸಿದ ಮಹನೀಯರು, ತಮ್ಮ ಐದನೆಯ ವಯಸ್ಸಿನ ತರುವಾಯ ಒಂದು ರಸ್ತೆಯನ್ನಾಗಲಿ ಒಂದು ಗಾಡಿಯನ್ನಾಗಲಿ ಕಣ್ಣಾರೆ ಕಂಡವರಲ್ಲ. ಅಮೆರಿಕೆಯ ರಾಲ್ಫ್ ಟೀಟರ್ ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲವಾದರೂ, ಮೋಟಾರು ಶಿಲ್ಪವನ್ನು ಬಲ್ಲವರಲ್ಲಿ ಅದು ಸುಪ್ರಸಿದ್ಧವಾದ ಹೆಸರು. ಕ್ರೂಸ್ ಕಂಟ್ರೋಲ್ ಎಂದು ಈಗ ಎಲ್ಲರ ಬಾಯಲ್ಲಿರುವ ಸಾಧನವು ಅವರ ತಲೆಯಲ್ಲಿ ಮೂಡಿದ್ದು.

ಅವರನ್ನು ಈ ಅಂಕಣಕ್ಕೆ ಕರೆತರಲು ವಾಚಕರೊಬ್ಬರ ಕಾಗದವೇ ಕಾರಣ. ಪುಣೆಯ ಹೋಟೆಲೊಂದರಲ್ಲಿ ಗುಮಾಸ್ತರಾಗಿರುವ ಅವರು, ಊರಿಗೆ ಮರಳಿ ನದೀಮುಖದಲ್ಲಿ ವಿಹಾರದ ಜೆಟ್ ದೋಣಿಯೊಂದನ್ನು ನಡೆಸುವ ಆಲೋಚನೆಯಲ್ಲಿದ್ದಾರೆ. ಕಾರಿನಲ್ಲಿರುವ ಆ ವೇಗನಿಯಂತ್ರಕವನ್ನು ದೋಣಿಗೂ ಕೂಡಿಸಬಹುದೇ ಎಂಬುದು ಅವರ ಪ್ರಶ್ನೆ. ಕೂಡಿಸಬಹುದು. ಆದರೆ ಕೂಡಿಸುವ ಮೊದಲು ಅದನ್ನು ಕಂಡುಹಿಡಿದಾತನ ಚರಿತ್ರೆಯನ್ನು ಕೇಳುವುದೊಳ್ಳೆಯದೆಂದು ನಮ್ಮ ಅಭಿಪ್ರಾಯ.

ರಾಲ್ಫ್ ಟೀಟರ್ ಅವರು ಹುಟ್ಟಿದ್ದು 1890ರ ಆಗಸ್ಟ್ 17ರಂದು, ಇಂಡಿಯಾನಾ ಸಂಸ್ಥಾನದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ. ಟೀಟರ್ ಮನೆತನದವರೆಲ್ಲರೂ ಕಬ್ಬಿಣದೊಡನೆ ಬಾಳಿದವರು. ರೈಲು ಹಳಿಗಳ ತಪಾಸಣೆಗಾಗಿ, ಹಳಿಯ ಮೇಲೆಯೇ ಕಾಲಿನಿಂದ ತುಳಿದು ನಡೆಸುವ ಸೈಕಲ್ಲಿನಂತಹ ಬಂಡಿಯೊಂದನ್ನು ಅವರ ದೊಡ್ಡಪ್ಪ ಚಿಕ್ಕಪ್ಪಂದಿರಲ್ಲಿ ಒಬ್ಬರಾದ ಚಾರ್ಲ್ಸ್ ಟೀಟರ್ ನಿರ್ಮಿಸಿದ್ದರು. ಸಂಸಾರದ ಉದ್ಯಮವು ಅದರಿಂದಲೇ ಬೆಳೆಯಿತು. ಬಾಲಕ ರಾಲ್ಫನಿಗೆ ಕಾರ್ಖಾನೆಯೇ ಆಟದಂಗಳ.

ಐದನೆಯ ವಯಸ್ಸಿನಲ್ಲಿ ಆತನು ಚಾಕುವಿನಿಂದ ಮೇಜಿನ ಸೆಳೆಖಾನೆಯೊಂದನ್ನು ಮೀಟಿ ತೆರೆಯಲು ಹೋದನು. ಚಾಕು ಜಾರಿ ಒಂದು ಕಣ್ಣಿಗೆ ತಗಲಿತು. ಒಂದು ಕಣ್ಣಿಗೆ ಆಳವಾದ ಗಾಯವಾದಾಗ ಅದರ ಬೇನೆಯು ಗಾಯವಿಲ್ಲದ ಮತ್ತೊಂದು ಕಣ್ಣಿಗೂ ಹಬ್ಬುವುದುಂಟೆಂದು ವೈದ್ಯರು ಬಲ್ಲರು. ಆ ಕಾಲದಲ್ಲಿ ಅದಕ್ಕೆ ತಕ್ಕ ಔಷಧಿಯಿರಲಿಲ್ಲ. ವರುಷ ಕಳೆಯುವಷ್ಟರಲ್ಲಿ ಎರಡೂ ಕಣ್ಣುಗಳ ಬೆಳಕು ನಂದಿತು.

ಇಲ್ಲಿ ಆತನ ತಂದೆತಾಯಿಗಳು ಕೈಕೊಂಡ ನಿರ್ಧಾರವು ವಿಚಾರಣೀಯವಾದದ್ದು. ಮಗನನ್ನು ಕಣ್ಣುಳ್ಳವನಂತೆಯೇ ಬೆಳೆಸತಕ್ಕದ್ದು, ಕುರುಡುತನದ ಮಾತನ್ನೇ ಮನೆಯಲ್ಲಿ ಎತ್ತತಕ್ಕದ್ದಲ್ಲ ಎಂದು ಅವರು ತೀರ್ಮಾನಿಸಿದರು. ಇದು ಕಠಿಣವೆಂದು ಕೆಲವರಿಗೆ ತೋರಬಹುದು. ನಮಗೂ ಅದರಲ್ಲಿ ಎರಡು ಮನಸ್ಸುಂಟು. ಇದ್ದ ಕೊರತೆಯನ್ನು ಇಲ್ಲವೆಂದು ನಟಿಸುವ ಭಾರವು ಎಳೆಯ ಹೆಗಲಿಗೆ ಸಣ್ಣದಲ್ಲ. ಆದರೆ ನಮ್ಮ ಊರುಗಳಲ್ಲಿ ಇಂತಹ ಮಗುವನ್ನು ಜಗಲಿಯ ಮೂಲೆಯಲ್ಲಿ ಕುಳ್ಳಿರಿಸಿ, ಬಂದವರೆಲ್ಲ ಕನಿಕರದ ಮಾತನಾಡಿ ಹೋಗುವ ಪದ್ಧತಿಯನ್ನು ಕಂಡ ನಮಗೆ, ಟೀಟರ್ ದಂಪತಿಗಳ ಹಠವೇ ಮೇಲೆಂದು ತೋರುತ್ತದೆ. ಆ ಬಾಲಕನು ಹನ್ನೆರಡನೆಯ ವಯಸ್ಸಿನಲ್ಲಿ, ದಾಯಾದಿ ಸೋದರನೊಡನೆ ಕೂಡಿ, ನಡೆಯಬಲ್ಲ ಒಂದು ಮೋಟಾರು ಗಾಡಿಯನ್ನು ಕಟ್ಟಿದನು. ಆಗ 1902ನೆಯ ಇಸವಿ. ಕಣ್ಣುಳ್ಳ ದೊಡ್ಡವರಲ್ಲಿಯೂ ಅನೇಕರು ಮೋಟಾರನ್ನು ಹತ್ತಿರದಿಂದ ನೋಡಿರದ ಕಾಲ.

ಉನ್ನತ ಶಿಕ್ಷಣದ ಸಮಯ ಬಂದಾಗ, ಅಂಧನಿಗೆ ಯಂತ್ರಶಿಲ್ಪವನ್ನು ಕಲಿಸುವುದೆಂತು ಎಂದು ಹಲವು ವಿದ್ಯಾಲಯಗಳು ಬಾಗಿಲು ಮುಚ್ಚಿದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಸಂಬಂಧಿಕಳೊಬ್ಬಳು ಓದುತ್ತಿದ್ದುದರಿಂದ ಆಕೆಯ ಸಹಾಯದಿಂದ ಅಲ್ಲಿ ಪ್ರವೇಶ ದೊರಕಿತು. ಪುಸ್ತಕಗಳನ್ನು ಓದಿ ಹೇಳುವುದು ಆಕೆಯ ಪಾಲು, ಕೇಳಿ ನೆನಪಿನಲ್ಲಿಡುವುದು ಆತನ ಪಾಲು. 1912ರಲ್ಲಿ ಟೀಟರ್ ಅವರು ಯಂತ್ರಶಿಲ್ಪದ ಪದವಿಯನ್ನು ಪಡೆದು ಮನೆತನದ ಕಾರ್ಖಾನೆಗೆ ಮರಳಿದರು.

ಮೊದಲನೆಯ ಮಹಾಯುದ್ಧದ ಕಡೆಯ ವರುಷವಾದ 1918ರಲ್ಲಿ ಅವರ ಬೆರಳುಗಳ ಕೀರ್ತಿ ಹಡಗು ಕಟ್ಟೆಯನ್ನು ಮುಟ್ಟಿತು. ನ್ಯೂಜೆರ್ಸಿಯ ಕ್ಯಾಮ್ಡನ್ನಿನಲ್ಲಿ ಕಟ್ಟುತ್ತಿದ್ದ ಯುದ್ಧನೌಕೆಗಳ ಉಗಿ ಟರ್ಬೈನುಗಳಲ್ಲಿ ತಿರುಗುವ ಭಾಗವನ್ನು ಸಮತೂಕಕ್ಕೆ ತರುವುದು ದುಸ್ಸಾಧ್ಯವಾಗಿತ್ತು. ಅತಿವೇಗದಲ್ಲಿ ತಿರುಗುವ ಭಾರವಾದ ಉಕ್ಕಿನಲ್ಲಿ ಒಂದು ಬದಿಗೆ ಅತ್ಯಲ್ಪ ತೂಕ ಹೆಚ್ಚಿದ್ದರೂ ಇಡಿಯ ಯಂತ್ರವು ನಡುಗಿ ಹೋಗುವುದು. ಇತರರು ಕಣ್ಣಿನಿಂದ ಹುಡುಕುತ್ತಿದ್ದ ಆ ನಡುಕವನ್ನು ಟೀಟರ್ ಅವರು ಸ್ಪರ್ಶದಿಂದ ಅಳೆದು, ಸಮತೂಕ ಮಾಡುವ ಒಂದು ವಿಧಾನವನ್ನೇ ರೂಪಿಸಿಕೊಟ್ಟರು. ಅಂದರೆ, ನಮ್ಮ ಕಥಾನಾಯಕರು ಮೋಟಾರಿನ ವೇಗಕ್ಕೆ ಕೈಹಾಕುವ ಎಷ್ಟೋ ಮೊದಲೇ ನೀರಿನ ಮೇಲಿನ ವೇಗಕ್ಕೆ ಸೇವೆ ಸಲ್ಲಿಸಿದ್ದರು.

ಮುಂದಿನ ವರುಷಗಳ ಉದ್ಯಮದ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುವೆವು. ಸಂಸಾರದ ಕಂಪೆನಿಯು ಎಂಜಿನುಗಳ ಪಿಸ್ಟನ್ ಉಂಗುರಗಳನ್ನು ತಯಾರಿಸಿ, ಪರ್ಫೆಕ್ಟ್ ಸರ್ಕಲ್ ಎಂಬ ಹೆಸರಿನಿಂದ ಪ್ರಖ್ಯಾತವಾಯಿತು. 1922ರಲ್ಲಿ ಟೀಟರ್ ಅವರ ವಿವಾಹವಾಯಿತು. 1936ರಲ್ಲಿ ಅಮೆರಿಕೆಯ ಮೋಟಾರು ಯಂತ್ರಶಿಲ್ಪಿಗಳ ಸಂಘವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1946ರಿಂದ 1957ರವರೆಗೆ ಅವರು ಪರ್ಫೆಕ್ಟ್ ಸರ್ಕಲ್ ಕಂಪೆನಿಯ ಅಧ್ಯಕ್ಷರಾಗಿದ್ದರು.

ಇನ್ನು ಮುಖ್ಯ ಪ್ರಸಂಗ. ಟೀಟರ್ ಅವರಿಗೆ ಹ್ಯಾರಿ ಲಿಂಡ್ಸೇ ಎಂಬ ವಕೀಲರಿದ್ದರು. ವಕೀಲರು ಗಾಡಿ ನಡೆಸುವಾಗ ಟೀಟರ್ ಅವರು ಪಕ್ಕದಲ್ಲಿ ಕುಳಿತಿರುವರು. ವಕೀಲರಿಗೆ ಮಾತೆಂದರೆ ಬಲು ಪ್ರೀತಿ (ಯಾವ ವಕೀಲರಿಗಿಲ್ಲ!). ತಾವು ಮಾತನಾಡುವಾಗ ಅವರ ಪಾದವು ಸಡಿಲವಾಗಿ ಗಾಡಿ ನಿಧಾನವಾಗುವುದು. ಕೇಳುವ ಸರದಿ ಬಂದಾಗ ಪಾದವು ಒತ್ತಿ ಗಾಡಿ ಮುನ್ನುಗ್ಗುವುದು. ಕಣ್ಣುಳ್ಳ ಪ್ರಯಾಣಿಕನು ಕಿಟಕಿಯ ಹೊರಗೆ ನೋಡುತ್ತ ಇದನ್ನು ಗಮನಿಸದೆ ಇರಬಹುದು. ಕಣ್ಣಿಲ್ಲದವರಿಗೆ ಗಾಡಿಯ ಪ್ರತಿಯೊಂದು ಎಳೆತವೂ ಬೆನ್ನಿಗೆ, ಕತ್ತಿಗೆ, ಹೊಟ್ಟೆಗೆ ತಟ್ಟುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಮತ್ತು ರಬ್ಬರಿನ ಉಳಿತಾಯಕ್ಕಾಗಿ ಅಮೆರಿಕೆಯಲ್ಲಿ ವೇಗದ ಮಿತಿಯನ್ನು ಗಂಟೆಗೆ 35 ಮೈಲಿಗೆ, ಎಂದರೆ ಸುಮಾರು 56 ಕಿಲೋಮೀಟರಿಗೆ, ಇಳಿಸಿದ್ದರು. ವೇಗವನ್ನು ಒಂದೇ ಸಮನೆ ಹಿಡಿದಿಡುವ ಸಾಧನವು ಸುಖಕ್ಕೂ ಕ್ಷೇಮಕ್ಕೂ ಉಳಿತಾಯಕ್ಕೂ ಆಗುವುದೆಂದು ಟೀಟರ್ ಅವರಿಗೆ ದೃಢವಾಯಿತು.

ಅದರ ಮೂಲತತ್ತ್ವವು ಹೊಸದಲ್ಲ. 1788ರಲ್ಲಿ ಜೇಮ್ಸ್ ವಾಟ್ ಅವರು ತಮ್ಮ ಉಗಿಯಂತ್ರಕ್ಕೆ ಎರಡು ಗುಂಡುಗಳ ಗವರ್ನರನ್ನು ಜೋಡಿಸಿದ್ದರು. ಯಂತ್ರವು ವೇಗವಾಗಿ ತಿರುಗಿದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ದಾರಿಯನ್ನು ಕಿರಿದುಗೊಳಿಸುವುವು. ನಿಧಾನವಾದರೆ ಒಳಕ್ಕೆ ಸರಿದು ದಾರಿಯನ್ನು ಅಗಲಿಸುವುವು. ನಮ್ಮ ಹೋಟೆಲು ಬಂಧುಗಳಿಗೆ ಇದನ್ನು ಪುಸ್ತಕದಿಂದ ವಿವರಿಸಬೇಕಾಗಿಲ್ಲ. ವಿದ್ಯುತ್ತು ಹೋದಾಗ ಹಿತ್ತಲಿನ ಡೀಸೆಲ್ ಜನರೇಟರು ಓಡುತ್ತಿರುತ್ತದೆ. ಆಗ ಯಾರೋ ಹಿಟ್ಟು ರುಬ್ಬುವ ಯಂತ್ರವನ್ನು ಹಾಕುತ್ತಾರೆ. ಎಂಜಿನು ಒಮ್ಮೆ ನರಳುತ್ತದೆ, ದೀಪಗಳು ಕ್ಷಣ ಮಂಕಾಗುತ್ತವೆ, ಮರುಕ್ಷಣವೇ ಎಂಜಿನು ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಳ್ಳುವಂತೆ ಮಾಡುವುದೇ ಗವರ್ನರು. ನಾಲ್ಕು ಧ್ರುವಗಳ ಜನರೇಟರು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಮಾತ್ರ 50 ಆವರ್ತದ ವಿದ್ಯುತ್ತು ಬರುವುದಾದುದರಿಂದ ಆ ವೇಗವನ್ನು ಕಾಯಲೇಬೇಕು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಈ ಪುಣೆಯ ಖಡಕಿಯಲ್ಲಿ ಸ್ಥಾಪಿಸಿದ ಆಯಿಲ್ ಎಂಜಿನ್ ಕಾರ್ಖಾನೆಯ ಡೀಸೆಲ್ ಎಂಜಿನುಗಳಿಗೂ ಗವರ್ನರು ಬೇಕೇ ಬೇಕು; ಅದಿಲ್ಲದ ಡೀಸೆಲ್ ಎಂಜಿನು ಭಾರ ತಪ್ಪಿದೊಡನೆ ಹುಚ್ಚು ಕುದುರೆಯಂತೆ ಓಡಿ ತನ್ನನ್ನು ತಾನೇ ಒಡೆದುಕೊಳ್ಳುವುದು.

ಟೀಟರ್ ಅವರು ಮಾಡಿದ ಹೊಸತೇನೆಂದರೆ, ಈ ಗವರ್ನರಿಗೂ ಚಾಲಕನ ಪಾದಕ್ಕೂ ಸಂವಾದವನ್ನು ಏರ್ಪಡಿಸಿದುದು. ಚಾಲಕನು ತನಗೆ ಬೇಕಾದ ವೇಗವನ್ನು ಮುಂದಿನ ಫಲಕದ ಗುಂಡಿಯಿಂದ ಗೊತ್ತುಮಾಡುವನು. ಗಾಡಿಯು ಆ ವೇಗವನ್ನು ಮುಟ್ಟಿದಾಗ ಗವರ್ನರು ಸ್ಪ್ರಿಂಗಿನ ಬಲವನ್ನು ಮೀರಿ, ಪೆಡಲನ್ನು ಪಾದಕ್ಕೆ ವಿರುದ್ಧವಾಗಿ ಮೇಲಕ್ಕೆ ಒತ್ತುವುದು. ಕಣ್ಣನ್ನು ರಸ್ತೆಯಿಂದ ತೆಗೆದು ವೇಗಮಾಪಕವನ್ನು ನೋಡಬೇಕಾದುದಿಲ್ಲ. ಪಾದಕ್ಕೇ ಸುದ್ದಿ ಮುಟ್ಟುತ್ತದೆ. ಪ್ರಾಣಾಪಾಯದ ಸಮಯದಲ್ಲಿ ಬಲವಾಗಿ ಒತ್ತಿದರೆ ಗಾಡಿ ಮುನ್ನುಗ್ಗಲೂ ಬಹುದು. ಸ್ಪರ್ಶದಿಂದಲೇ ಲೋಕವನ್ನು ಅರಿತ ಮನುಷ್ಯನು ಚಾಲಕನಿಗೂ ಸ್ಪರ್ಶದ ಮೂಲಕವೇ ಎಚ್ಚರಿಕೆ ಕೊಟ್ಟದ್ದು ಆಕಸ್ಮಿಕವೆಂದು ನಾವು ನಂಬುವುದಿಲ್ಲ. 1950ರ ಆಗಸ್ಟಿನಲ್ಲಿ ಇದಕ್ಕೆ ಪೇಟೆಂಟು ದೊರಕಿತು. ಆಮೇಲೆ ವಿದ್ಯುದಯಸ್ಕಾಂತದ ಹಿಡಿತವನ್ನು ಸೇರಿಸಿ, ಬ್ರೇಕನ್ನು ಮುಟ್ಟುವವರೆಗೂ ವೇಗವು ತಾನಾಗಿಯೇ ನಿಲ್ಲುವಂತೆ ಮಾಡಿದರು. ಅದಕ್ಕೆ ಇಟ್ಟ ಹೆಸರುಗಳು ಹಲವು. ಸ್ಪೀಡೋಸ್ಟ್ಯಾಟ್ ಎಂಬುದು ಅವುಗಳಲ್ಲಿ ಒಂದು. 1958ರಲ್ಲಿ ಕ್ರೈಸ್ಲರ್ ಕಂಪೆನಿಯು ತನ್ನ ಬೆಲೆಬಾಳುವ ಗಾಡಿಗಳಲ್ಲಿ ಇದನ್ನು ಮೊದಲಾಗಿ ಒದಗಿಸಿತು. ಕೊನೆಗೆ ಕ್ಯಾಡಿಲ್ಯಾಕಿನವರು ಇಟ್ಟ ಕ್ರೂಸ್ ಕಂಟ್ರೋಲ್ ಎಂಬ ಹೆಸರೇ ನಿಂತಿತು. 1973ರ ತೈಲದ ಬಿಕ್ಕಟ್ಟು ಬಂದಾಗ, ಉಳಿತಾಯದ ಸಾಧನವೆಂದು ಅದರ ಬೆಲೆ ಜನರಿಗೆ ತಿಳಿಯಿತು.

ಈಗ ಗುಮಾಸ್ತ ಮಿತ್ರರ ದೋಣಿಗೆ ಬರೋಣ. ಜೆಟ್ ದೋಣಿಯು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಅವರ ಕೃತಿ. ಆ ದೇಶದ ಆಳವಿಲ್ಲದ ಹೊಳೆಗಳಲ್ಲಿ ಪ್ರೊಪೆಲ್ಲರು ಕಲ್ಲಿಗೆ ತಗಲಿ ಮುರಿಯುವುದರಿಂದ, 1950ರ ದಶಕದಲ್ಲಿ ಅವರು ದೋಣಿಯ ತಳದಿಂದ ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮಿಸುವ ಏರ್ಪಾಡನ್ನು ಬಳಕೆಗೆ ತಂದರು. 1977ರಲ್ಲಿ ಎಡ್ಮಂಡ್ ಹಿಲರಿಯವರು ಅಂತಹ ದೋಣಿಗಳಲ್ಲಿಯೇ ಗಂಗೆಯ ಮುಖದಿಂದ ಹಿಮಾಲಯದ ನಂದಪ್ರಯಾಗದ ಬಳಿಯವರೆಗೆ ಪ್ರವಾಹದ ವಿರುದ್ಧ ಏರಿಹೋದರು.

ಟೀಟರ್ ಅವರ ತತ್ತ್ವವು ನೀರಿಗೂ ಅನ್ವಯಿಸುತ್ತದೆ, ಆದರೆ ನೀರು ರಸ್ತೆಯಲ್ಲ. ಎಂಜಿನಿನ ಸುತ್ತುಗಳನ್ನು ಮಾತ್ರ ಹಿಡಿದಿಡುವ ಸಾಧನವಿದ್ದರೆ, ಜನ ಹತ್ತಿ ಭಾರ ಹೆಚ್ಚಿದಾಗ ಸುತ್ತು ಅದೇ ಇದ್ದರೂ ದೋಣಿ ನಿಧಾನವಾಗುವುದು. ಉಪಗ್ರಹಗಳ ಸಂಕೇತದಿಂದ ವೇಗವನ್ನು ಅಳೆಯುವ ಇಂದಿನ ಸಾಧನವು ದಡಕ್ಕೆ ಹೋಲಿಸಿದ ವೇಗವನ್ನು ಕಾಯುತ್ತದೆ. 30 ಕಿಲೋಮೀಟರೆಂದು ಗೊತ್ತುಮಾಡಿದರೆ, ಗಂಟೆಗೆ 5 ಕಿಲೋಮೀಟರು ಹರಿಯುವ ಪ್ರವಾಹಕ್ಕೆ ಎದುರಾಗಿ ಹೋಗುವಾಗ ದೋಣಿಯು ನೀರನ್ನು 35ರ ವೇಗದಲ್ಲಿ ಸೀಳಬೇಕು. ಪ್ರವಾಹದೊಡನೆ ಬರುವಾಗ 25 ಸಾಕು. ಇನ್ನೊಂದು ತೊಡಕುಂಟು. ಇಂತಹ ದೋಣಿಯು ನಿಧಾನವಾಗಿದ್ದಾಗ ನೀರಿನಲ್ಲಿ ಮುಳುಗಿ ಸಾಗುತ್ತದೆ, ವೇಗ ಬಂದಾಗ ಮೇಲೆದ್ದು ನೀರಿನ ಮೇಲೆ ಜಾರುತ್ತದೆ. ಈ ಎರಡರ ನಡುವಣ ವೇಗವನ್ನು ಗೊತ್ತುಮಾಡಿದರೆ ಯಂತ್ರವು ಅತ್ತಿಂದಿತ್ತ ತಡಕಾಡುತ್ತಲೇ ಇರುವುದು. ಅಲೆಯ ಮೇಲೆ ಹಾರಿ ಹೀರುವ ಬಾಯಿಗೆ ಗಾಳಿ ಹೊಕ್ಕರೆ ಎಂಜಿನು ಒಮ್ಮೆಗೇ ಚೀರುವುದು. ಆಗ ಸಾಧನವು ಕ್ಷಣಾರ್ಧದಲ್ಲಿ ಇಂಧನವನ್ನು ಕಡಿಮೆ ಮಾಡಬೇಕು.

ಇವೆಲ್ಲವುಗಳಿಗಿಂತಲೂ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದಿದೆ. ಜೆಟ್ ದೋಣಿಗೆ ಚುಕ್ಕಾಣಿಯ ಹಲಗೆ ಇರುವುದಿಲ್ಲ. ಚಿಮ್ಮುವ ನೀರನ್ನು ಎಡಬಲಕ್ಕೆ ತಿರುಗಿಸಿಯೇ ದೋಣಿಯನ್ನು ತಿರುಗಿಸಬೇಕು. ನೀರು ಚಿಮ್ಮುವುದು ನಿಂತರೆ ತಿರುಗುವ ಶಕ್ತಿಯೂ ನಿಲ್ಲುತ್ತದೆ. ಕಾರಿನಲ್ಲಿ ಗಾಬರಿಯಾದವನು ಬ್ರೇಕನ್ನು ಮುಟ್ಟುತ್ತಾನೆ, ವೇಗನಿಯಂತ್ರಕ ಬಿಟ್ಟುಕೊಳ್ಳುತ್ತದೆ, ಗಾಡಿ ನಿಲ್ಲುತ್ತದೆ, ಅಷ್ಟರವರೆಗೆ ಚಕ್ರವೂ ಕೈಯಲ್ಲಿರುತ್ತದೆ. ಜೆಟ್ ದೋಣಿಯಲ್ಲಿ ಗಾಬರಿಯಾಗಿ ಎಂಜಿನನ್ನು ಪೂರ್ತಿ ಇಳಿಸಿದವನು ಬಂದ ದಿಕ್ಕಿನಲ್ಲಿಯೇ, ಮುಂದಿರುವ ಬಂಡೆಯ ಅಥವಾ ಮೀನುಗಾರರ ದೋಣಿಯ ಮೇಲೆಯೇ, ಜಾರಿ ಹೋಗುವನು. ಆದುದರಿಂದ ಇಲ್ಲಿ ಸಾಧನವನ್ನು ಬಿಡಿಸಿದೊಡನೆ ಎಂಜಿನು ಒಮ್ಮೆಲೇ ಸತ್ತುಹೋಗದೆ, ತಿರುಗುವಷ್ಟು ನೀರನ್ನು ಸ್ವಲ್ಪ ಕಾಲ ಚಿಮ್ಮಿಸುತ್ತಿರುವಂತೆ ಜೋಡಿಸಬೇಕು. ಚಾಲಕನೇ ನೀರಿಗೆ ಬಿದ್ದನಾದರೆ, ಅವನ ಮೈಗೆ ಕಟ್ಟಿದ ಹಗ್ಗವು ಕಳಚಿ ಎಂಜಿನು ನಿಲ್ಲುವ ಏರ್ಪಾಡು ಬೇರೆಯೇ ಇರಬೇಕು. ಅದನ್ನು ವೇಗನಿಯಂತ್ರಕದ ತಂತಿಯೊಡನೆ ಬೆರೆಸತಕ್ಕದ್ದಲ್ಲ. ಇದನ್ನರಿಯದ ಕೆಲಸಗಾರನ ಕೈಗೆ ದೋಣಿಯನ್ನು ಕೊಡುವುದಕ್ಕಿಂತ, ಕೈಯಿಂದಲೇ ನಡೆಸುವುದು ಲೇಸು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ದೋಣಿಯೆಂಬುದನ್ನು ಮಿತ್ರರು ಮರೆಯಲಾರರೆಂದು ನಂಬಿದ್ದೇವೆ.

ರಸ್ತೆಯ ಮೇಲೆಯೂ ಈ ಸಾಧನಕ್ಕೆ ತನ್ನ ಹೊತ್ತುಂಟು, ಹೊತ್ತಲ್ಲದ ಹೊತ್ತುಂಟು. 2002ರಲ್ಲಿ ಪೂರ್ತಿಯಾದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಮಾರ್ಗದ ಬಯಲಿನಲ್ಲಿ ಅದು ಉಪಕಾರಿ. ಮಳೆಗಾಲದ ಘಾಟಿನಲ್ಲಿ ಅಪಕಾರಿ. ನೀರು ನಿಂತ ರಸ್ತೆಯಲ್ಲಿ ಚಕ್ರವು ಹಿಡಿತ ತಪ್ಪುವ ಹೊತ್ತಿಗೆ ವೇಗವನ್ನು ಇಳಿಸಬೇಕೆಂಬ ಬುದ್ಧಿ ಹಳೆಯ ಬಗೆಯ ನಿಯಂತ್ರಕಕ್ಕೆ ಇಲ್ಲ. ರಾತ್ರಿಯೆಲ್ಲ ಊರಿನ ಕಡೆಗೆ ಗಾಡಿ ಬಿಡುವವರಿಗೆ ಪಾದಕ್ಕೆ ವಿಶ್ರಾಂತಿ ದೊರೆತೊಡನೆ ಕಣ್ಣಿಗೂ ವಿಶ್ರಾಂತಿ ಬೇಕೆನಿಸುವ ಅಪಾಯವೂ ಇದೆ. ಪಾದವನ್ನು ಮೇಲಕ್ಕೊತ್ತಿ ಎಚ್ಚರಿಸುತ್ತಿದ್ದ ಟೀಟರ್ ಅವರ ಮೊದಲನೆಯ ಮಾದರಿಯೇ ಈ ವಿಷಯದಲ್ಲಿ ಹೆಚ್ಚು ಜಾಣತನದ್ದೆಂದು ನಮಗೆ ಅನಿಸುವುದುಂಟು. ಆದರೆ ಗಿರಾಕಿಗಳು ಕೇಳಿದ್ದು ಪಾದವನ್ನು ತೆಗೆದಿಡುವ ಸುಖವನ್ನು.

1963ರಲ್ಲಿ ಪರ್ಫೆಕ್ಟ್ ಸರ್ಕಲ್ ಕಂಪೆನಿಯು ಡೇನಾ ಕಂಪೆನಿಯ ವಶವಾಯಿತು. ರಾಲ್ಫ್ ಟೀಟರ್ ಅವರು 1982ರ ಫೆಬ್ರುವರಿ 15ರಂದು, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. 1988ರಲ್ಲಿ ಅಮೆರಿಕೆಯ ಮೋಟಾರು ಕೀರ್ತಿಭವನದಲ್ಲಿ ಅವರ ಹೆಸರನ್ನು ಸೇರಿಸಲಾಯಿತು. 1995ರಲ್ಲಿ ಅವರ ಜೀವನಚರಿತ್ರೆ ಪ್ರಕಟವಾಯಿತು. ಅದನ್ನು ಬರೆದಾಕೆ ಅವರ ಮಗಳು ಮಾರ್ಜರಿ, ತಂದೆಯು ಒಂದು ದಿನವೂ ಮುಖ ನೋಡದಿದ್ದ ಮಗಳು.