ಕ್ಯಾಲೆಂಡರ್ ಹುಡುಗಿಯ ಐವತ್ತು ಡಾಲರ್

ರೆಟ್ರೊ ಫೋಟೊ ಶೂಟ್ ಎಂದರೆ ಗೆಳತಿಯರಿಗೆ ಕೆಂಪು ಲಿಪ್‌ಸ್ಟಿಕ್, ಸುರುಳಿ ಕೂದಲು, ಚುಕ್ಕೆ ಚುಕ್ಕೆಯ ಫ್ರಾಕ್ ನೆನಪಾಗುತ್ತದೆ. ನನಗೆ ನೆನಪಾಗುವುದು ಮರ್ಲಿನ್ ಮನ್ರೋ ಪಡೆದ ಐವತ್ತು ಡಾಲರ್.

1926ರ ಜೂನ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಆಕೆಯ ಮೊದಲ ಹೆಸರು ನಾರ್ಮಾ ಜೀನ್. ತಂದೆಯ ಆಸರೆ ಇರಲಿಲ್ಲ. ತಾಯಿ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ಬಾಲ್ಯ ಕಳೆದದ್ದು ಅನಾಥಾಶ್ರಮದಲ್ಲಿ, ಬೇರೆಯವರ ಮನೆಗಳಲ್ಲಿ. ಹದಿನಾರಕ್ಕೇ ಮದುವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್ ಇಲ್ಲದ ವಿಮಾನಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ, ಸೈನ್ಯದ ಛಾಯಾಗ್ರಾಹಕ ಡೇವಿಡ್ ಕಾನೋವರ್ ಆಕೆಯ ಫೋಟೊ ತೆಗೆದರು. ಅಲ್ಲಿಂದ ಮಾಡೆಲಿಂಗ್ ಶುರುವಾಯಿತು. ಕಂದು ಗುಂಗುರು ಕೂದಲು ನೇರವಾಗಿ, ಹೊಂಬಣ್ಣಕ್ಕೆ ತಿರುಗಿತು.

ಸೈನಿಕರು ಗೋಡೆಗೆ ಪಿನ್ನಿನಿಂದ ಚುಚ್ಚಿಡುತ್ತಿದ್ದ ಸುಂದರಿಯರ ಚಿತ್ರವೇ ಪಿನ್‌ಅಪ್. ಕಲಾವಿದ ಅರ್ಲ್ ಮೊರಾನ್ ಮರ್ಲಿನ್‌ಗೆ ಭಂಗಿ ಹೇಳಿ ಫೋಟೊ ತೆಗೆದು, ಅದನ್ನು ನೋಡಿ ಕ್ಯಾಲೆಂಡರ್ ಚಿತ್ರ ಬರೆಯುತ್ತಿದ್ದರು.

1949ರ ಮೇ ತಿಂಗಳಲ್ಲಿ ಕೈಯಲ್ಲಿ ಕಾಸಿರಲಿಲ್ಲ. ಟಾಮ್ ಕೆಲ್ಲಿ ಸ್ಟುಡಿಯೊದಲ್ಲಿ ಕೆಂಪು ವೆಲ್ವೆಟ್ ಮೇಲೆ ಬಟ್ಟೆಯಿಲ್ಲದೆ ಪೋಸ್ ಕೊಟ್ಟು, ಒಪ್ಪಿಗೆ ಪತ್ರಕ್ಕೆ ಬೇರೆ ಹೆಸರಿನಲ್ಲಿ ಸಹಿ ಹಾಕಿದರು. ಸಿಕ್ಕಿದ್ದು 50 ಡಾಲರ್. 1952ರಲ್ಲಿ ಸುದ್ದಿ ಹೊರಬಿದ್ದಾಗ ಸಿನಿಮಾ ಕಂಪನಿ ಹೆದರಿತು. ಆಕೆ ಮಾತ್ರ ಮುಚ್ಚಿಡಲಿಲ್ಲ. ಹಣದ ಅಡಚಣೆಯಿತ್ತು ಎಂದು ನೇರವಾಗಿ ಹೇಳಿದರು. ಜನ ಆಕೆಯ ಪಕ್ಕ ನಿಂತರು. ಆದರೆ 1953ರಲ್ಲಿ ಹ್ಯೂ ಹೆಫ್ನರ್ 500 ಡಾಲರಿಗೆ ಚಿತ್ರದ ಹಕ್ಕು ಕೊಂಡು, ತಮ್ಮ ಪ್ಲೇಬಾಯ್ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಅಚ್ಚು ಹಾಕಿದರು. ಆ ಹಣ ಹೋದದ್ದು ಕ್ಯಾಲೆಂಡರ್ ಕಂಪನಿಗೆ. ಮರ್ಲಿನ್‌ಗೆ ಒಂದು ಕಾಸೂ ಬರಲಿಲ್ಲ.

ನನಗೆ ಹೆಚ್ಚು ಇಷ್ಟವಾಗುವುದು ಅದರ ನಂತರದ ಮರ್ಲಿನ್. ಛಾಯಾಗ್ರಾಹಕ ಮಿಲ್ಟನ್ ಗ್ರೀನ್ ಜೊತೆ ಸೇರಿ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದರು. ಹಳೆಯ ಸ್ಟುಡಿಯೊ ಕೊನೆಗೆ ಹೆಚ್ಚು ಸಂಬಳಕ್ಕೂ, ನಿರ್ದೇಶಕರನ್ನು ಒಪ್ಪುವ ಅಥವಾ ಬೇಡವೆನ್ನುವ ಹಕ್ಕಿಗೂ ಒಪ್ಪಿಕೊಂಡಿತು. 1962ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಆಕೆಗೆ ಕೇವಲ 36 ವರ್ಷ.

ದಿನವಿಡೀ ಡೇಟಾ ನಡುವೆ ಕೆಲಸ ಮಾಡುವ ನನಗೆ ಗೊತ್ತು: ಒಮ್ಮೆ ಹೊರಗೆ ಹೋದ ಚಿತ್ರವನ್ನು ಪೂರ್ತಿ ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಗೆಳತಿಯರೇ, ಖುಷಿಯಿಂದ ಸಿಂಗರಿಸಿಕೊಳ್ಳಿ, ಪೋಸ್ ಕೊಡಿ. ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ಮಾತ್ರ ಫೋಟೊ ಯಾರ ಬಳಿ ಇರುತ್ತದೆ, ಎಲ್ಲೆಲ್ಲಿ ಹಾಕುತ್ತಾರೆ ಎಂದು ಕೇಳಿ, ಬರೆಸಿಕೊಳ್ಳಿ.